ಒಲೆಯ ಮುಂದಿನ ಎರಡನೇ ಕುರ್ಚಿ

ನವೆಂಬರ್ ೨೩

ಪ್ರೀತಿಯ ಸೂಜಿ,

ಈ ಸಲ ಬಂದೇ ಬರುತ್ತೇನೆ. ನಗಬೇಡ. ನೀನು ಆ ಬೆಟ್ಟದೂರಿಗೆ ಹೋಗಿ ಹೊಲಿಗೆ ಅಂಗಡಿ ಹಾಕಿದಾಗಿನಿಂದ ‘ಮುಂದಿನ ಚಳಿಗಾಲ, ಮುಂದಿನ ಚಳಿಗಾಲ’ ಎಂದು ರಾಗ ಎಳೆದವನು ನಾನೇ, ಒಪ್ಪಿಕೊಂಡೆ. ಆದರೆ ಈ ಬಾರಿ ಟಿಕೆಟ್ ತೆಗೆಸಿಯಾಗಿದೆ. ಸಿನಿಮಾ ಟಾಕೀಸಿನ ಸೀಟುಗಳ ಕೆಲಸ ಕಡೆಗೂ ಮುಗಿಯಿತು. ತಿಂಗಳುಗಟ್ಟಲೆ ಆ ಹರಕು ಸೀಟುಗಳ ಹೊಟ್ಟೆ ಬಗೆದು, ಹೊಸ ಸ್ಪಂಜು ತುಂಬಿ, ಬಟ್ಟೆ ಬಿಗಿದು ಮೊಳೆ ಹೊಡೆದು ನನ್ನ ನಾಲಿಗೆಗೆ ಊಟಕ್ಕಿಂತ ಕಬ್ಬಿಣದ ರುಚಿಯೇ ರೂಢಿಯಾಗಿಬಿಟ್ಟಿದೆ. ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮೇಸ್ತ್ರಿ ಬದುಕಿದ್ದರೆ “ಬಾಯಲ್ಲಿ ಮೊಳೆ ಇಟ್ಕೊಂಡು ಮಾತಾಡ್ಬೇಡ್ವೋ, ನುಂಗಿಬಿಡ್ತೀಯ” ಎಂದು ಈಗಲೂ ಬೈಯುತ್ತಿದ್ದರು. ಆ ಮುದುಕ ಇಟ್ಟ ಹೆಸರಿನಿಂದ ನನ್ನನ್ನು ಕರೆಯುವವನು ಈಗ ಭೂಮಿಯ ಮೇಲೆ ನೀನೊಬ್ಬನೇ. ನಿನ್ನನ್ನು ಸೂಜಿ ಎನ್ನುವವನೂ ನಾನೊಬ್ಬನೇ.

ನನ್ನವಳು ತನ್ನ ಅಕ್ಕನ ಮನೆಗೆ ಹೊರಟಿದ್ದಾಳೆ. ಅಕ್ಕನ ಮಗಳಿಗೆ ಮಗುವಾಗಿದೆ. “ನೀವು ನನ್ನ ಸವತಿ ಮನೆಗೆ ಹೋಗ್ಬನ್ನಿ, ನಾನು ಅಕ್ಕನ ಮನೆಗೆ ಹೋಗ್ತೀನಿ” ಎಂದಳು. ಮದುವೆಯಾದ ಹೊಸದರಲ್ಲಿ ನಿನಗಿಟ್ಟ ಹೆಸರನ್ನು ಅವಳು ಇನ್ನೂ ಬಿಟ್ಟಿಲ್ಲ.

ಒಂದೇ ಮಾತು. ನಾನು ಬರುತ್ತೇನೆಂದು ಊರವರನ್ನೆಲ್ಲ ಕರೆದು ಕೂರಿಸಿಕೊಳ್ಳಬೇಡ. ಎರಡು ವಾರವೂ ನಾವಿಬ್ಬರೇ. ಮೇಸ್ತ್ರಿಯ ಅಟ್ಟದ ಮೇಲೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳಗಿನ ತನಕ ಹರಟುತ್ತಿದ್ದೆವಲ್ಲ, ಹಾಗೆ.

ಅಂದಹಾಗೆ, ಈಚೆಗೆ ನಿನ್ನ ಅಕ್ಷರ ಎಷ್ಟು ದುಂಡಗಾಗಿದೆ! ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದವನು ಈ ವಯಸ್ಸಿನಲ್ಲಿ ಕಾಪಿ ಬರೆದು ತಿದ್ದಿಕೊಂಡೆಯಾ? ಭೇಷ್.

ನಿನ್ನ
ಮೊಳೆ


ಡಿಸೆಂಬರ್ ೯

ನಿನಗೆ,

ಕ್ಷೇಮವಾಗಿ ತಲುಪಿದೆ. ನನ್ನ ಮಂಡಿ ಮಾತ್ರ ಇನ್ನೂ ಬಸ್ಸಿನಲ್ಲೇ ಇದೆ ಎನಿಸುತ್ತದೆ. ನೀನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇನೆ, ಕೇಳುವ ಮೊದಲೇ ಹೇಳಿಬಿಟ್ಟೆ.

ಊರು ಅಂಗೈ ಅಗಲ. ಒಂದೇ ದೊಡ್ಡ ಬೀದಿ, ಅದೂ ಏರು. ಎರಡೂ ಬದಿಗೆ ಸೊಂಟದೆತ್ತರ ಹಿಮ ಒಟ್ಟಿದ್ದಾರೆ. ನಡುವೆ ಉಳಿದ ಓಣಿಯಲ್ಲಿ ಜನ ಕೈ ಅಗಲಿಸಿಕೊಂಡು, ಮೊಟ್ಟೆಯ ಮೇಲೆ ನಡೆಯುವ ಹಾಗೆ ನಡೆಯುತ್ತಾರೆ. ಉಸಿರು ಬಿಟ್ಟರೆ ಕೆಟಲ್ಲಿನಿಂದ ಬಂದ ಹಾಗೆ ಹೊಗೆ.

ಬಸ್ಸಿಳಿದಾಗ ಸೂಜಿ ಇರಲಿಲ್ಲ. ಅವನ ಬದಲಿಗೆ ಬೀರುವಿನಷ್ಟು ದಪ್ಪದ ಒಬ್ಬ ಮನುಷ್ಯ, ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ನಿಂತಿದ್ದ. ನನ್ನನ್ನು ಕಂಡವನೇ “ಮೊಳೆಯಣ್ಣಾ! ಬನ್ನಿ ಬನ್ನಿ!” ಎಂದು ಅರಚಿದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ನಾನು ಡ್ರೈವರ್. ರಸ್ತೆ ಹಿಮ ತೆಗೆಯೋ ಗಾಡಿ ಓಡಿಸ್ತೀನಿ. ಟೈಲರಣ್ಣ ಅಂಗಡೀಲೇ ಕಾಯ್ತಿದಾರೆ, ಹೊರಗೆ ತುಂಬಾ ಜಾರುತ್ತೆ” ಎಂದು ನನ್ನ ಚೀಲ ಕಸಿದು ಹೆಗಲಿಗೇರಿಸಿದ. ಇಂಜಿನ್ನಿನ ಪಕ್ಕ ಕೂತು ಕೂತು ಅವನಿಗೆ ಕಿವಿ ಮಂದವಂತೆ, ಅದಕ್ಕೇ ಆ ಗಂಟಲು. ನನಗೆ ಮಾತ್ರ ಕಾಲರಿನೊಳಗೆ ಹಿಮ ಸುರಿದ ಹಾಗಾಯಿತು. ಮೊಳೆ! ಆ ಹೆಸರು ಇವನ ಬಾಯಿಗೆ ಹೇಗೆ ಹೋಯಿತು?

ಸೂಜಿ ಬಾಗಿಲಲ್ಲೇ ನಿಂತಿದ್ದ. ತಬ್ಬಿಕೊಂಡ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ಕೆನ್ನೆ ಒತ್ತಿ, ತಲೆ ಸವರಿ, “ಎಲ್ಲೋ ಕೂದಲು? ದಾರೀಲಿ ಬಿದ್ಹೋಯ್ತಾ?” ಎಂದ. ಆ ಕ್ಷಣದಲ್ಲಿ ನನ್ನ ಎಲ್ಲ ಮುನಿಸೂ ಇಳಿದುಹೋಯಿತು.

ಆಮೇಲೆ ಕುರ್ಚಿ ನೋಡಿದೆ. ನೀನು ಮುಖ ನೋಡಿ ಜನರನ್ನು ಅಳೆಯುತ್ತೀಯ, ನಾನು ಅವರು ಕೂತೆದ್ದ ಮೆತ್ತೆ ನೋಡಿ ಅಳೆಯುತ್ತೇನೆ. ಅಂಗಡಿಯ ಹಿಂಭಾಗದಲ್ಲಿ ಕಬ್ಬಿಣದ ಒಲೆ, ಅದರ ಮುಂದೆ ಎರಡು ಕುರ್ಚಿ. ಒಂದರಲ್ಲಿ ಸೂಜಿಯ ಗುಳಿ. ಚಿಕ್ಕದು, ಎಡಕ್ಕೆ ವಾಲಿದ್ದು. ಅವನು ಹುಡುಗನಾಗಿದ್ದಾಗಿಂದ ಹಾಗೇ ಕೂರುವುದು. ಇನ್ನೊಂದರಲ್ಲಿ ಎಮ್ಮೆ ಮಲಗಿ ಎದ್ದ ಹಾಗೆ ಗುಳಿ. ಅಂಥದ್ದು ತಿಂಗಳೊಪ್ಪತ್ತಿನಲ್ಲಿ ಬೀಳುವುದಿಲ್ಲ. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಪ್ರತಿ ಸಂಜೆ ಕೂತಿರಬೇಕು. “ಕೂತ್ಕೊಳ್ಳೋ” ಎಂದ ಸೂಜಿ. ಕೂತೆ. ಬೇರೆಯವರ ಚಪ್ಪಲಿಗೆ ಕಾಲು ತೂರಿಸಿದ ಹಾಗಿತ್ತು.

ಸಂಜೆ ಡ್ರೈವರ್ ಬಂದ. ಕೂರಲು ಜಾಗವಿಲ್ಲದೆ ಬಟ್ಟೆಯ ಗಂಟಿನ ಮೇಲೆ ಕೂತ. ಎದ್ದು ಹೋಗಲಿಲ್ಲ.

ಇತಿ
ನಿನ್ನವನು


ಡಿಸೆಂಬರ್ ೧೪

ನಿಮಗೆ,

ಪತ್ರ ಓದಿ ಅಕ್ಕ, ನಾನು, ಬಾಣಂತಿ ಮೂವರೂ ನಕ್ಕೆವು. ಮಗು ಎದ್ದು ಅತ್ತಿತು, ಅದರ ಪಾಪ ನಿಮಗೆ.

ಅಂತೂ ನಿಮಗೂ ಒಬ್ಬ ಸವತಿ ಬಂದ ಹಾಗಾಯಿತು. ಒಳ್ಳೆಯದೇ ಆಯಿತು. ನಾನು ಮದುವೆಯಾಗಿ ಬಂದಾಗ ನಿಮ್ಮ ಬಾಯಲ್ಲಿ ಬೆಳಗೆದ್ದರೆ ಸೂಜಿ, ರಾತ್ರಿ ಮಲಗಿದರೆ ಸೂಜಿ. ಸೂಜಿ ಹೀಗೆ ಅಂದ, ಸೂಜಿ ಹಾಗೆ ನಕ್ಕ. ಅವರು ಮನೆಗೆ ಬಂದ ದಿನ ಮಾತ್ರ ನಿಮ್ಮ ಮುಖ ಅರಳುತ್ತಿತ್ತು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ, ನಿಮಗೆ ಕೇಳಿಸಿದ್ದೇ ಇಲ್ಲ. ಆಮೇಲೆ ಒಂದು ದಿನ ನಾನೂ ಒಂದು ಲೋಟ ಚಹಾ ಹಿಡಿದುಕೊಂಡು ಬಂದು ನಿಮ್ಮಿಬ್ಬರ ನಡುವೆ ಕೂತುಬಿಟ್ಟೆ. ಅವತ್ತಿನಿಂದ ಹೊಟ್ಟೆಯುರಿ ಕಡಿಮೆಯಾಯಿತು. ಪೂರ್ತಿ ಹೋಯಿತು ಅನ್ನಲಾರೆ.

ಆ ಡ್ರೈವರಿಗೆ ಕುರ್ಚಿ ಬಿಟ್ಟುಕೊಡಿ, ದೊಡ್ಡ ಗಂಟೇನೂ ಹೋಗುವುದಿಲ್ಲ. ಸೂಜಿಯವರು ಹೇಗಿದ್ದಾರೆ? ಎರಡು ಪುಟ ಬರೆದಿದ್ದೀರಿ, ಅವರ ಆರೋಗ್ಯದ ಬಗ್ಗೆ ಒಂದು ಸಾಲಿಲ್ಲ.

ಇತಿ
ನಿಮ್ಮ ಮನೆಯಾಕೆ


ಡಿಸೆಂಬರ್ ೧೮

ನಿನಗೆ,

ನಾಳೆಯ ಬಸ್ಸಿಗೆ ಹೊರಡುತ್ತಿದ್ದೇನೆ. ಇನ್ನೂ ಕೆಲವು ದಿನ ಇರಬೇಕಿತ್ತು. ಇರುವುದಿಲ್ಲ.

ನೀನು ನಗುತ್ತೀಯ, ನಗು. ಆದರೆ ಕೇಳು. ನಾನು ಬಂದಾಗಿನಿಂದ ಸೂಜಿ ಅಂಗಡಿ ತೆಗೆದಿಲ್ಲ. “ನೀನು ಬಂದಿರೋವಾಗ ಏನು ಹೊಲಿಗೆ” ಎನ್ನುತ್ತಾನೆ. ಸರಿ, ಹಾಗಾದರೆ ಹೊರಗೆ ಹೋಗೋಣ, ಆ ಏರಿನ ತುದಿಯವರೆಗೆ ಹೋಗಿ ಕಣಿವೆ ನೋಡಿಬರೋಣ ಎಂದೆ. “ಕಾಲು ನೋವು ಕಣೋ” ಎಂದ. ಮಾರನೆಯ ದಿನ ಬೆಳಗ್ಗೆ ಎದ್ದು ಕಿಟಕಿ ಒರೆಸಿ ನೋಡುತ್ತೇನೆ, ಡ್ರೈವರನ ತೋಳಿಗೆ ತೋಳು ಕೊಟ್ಟುಕೊಂಡು ಅದೇ ಏರಿನಲ್ಲಿ ಹೋಗುತ್ತಿದ್ದಾನೆ! ಡ್ರೈವರ್ ಅರಚಿ ಅರಚಿ ಏನೋ ಹೇಳುತ್ತಿದ್ದಾನೆ, ಇವನು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾನೆ. ನನ್ನ ಜೊತೆ ಕಾಲು ನೋಯುತ್ತದೆ, ಅವನ ಜೊತೆ ನೋಯುವುದಿಲ್ಲ.

ಪ್ರತಿ ಸಂಜೆ ಆ ಮನುಷ್ಯ ಹಾಜರು. ಚಹಾ ಸೋಸಿ ಸೂಜಿಯ ಕೈಗೇ ಇಡುತ್ತಾನೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಡುತ್ತಾನೆ. ಪೇಪರು ಓದಿ ಹೇಳುತ್ತಾನೆ, ಮೂರು ಮನೆಗೆ ಕೇಳುವ ಹಾಗೆ. ಮೊನ್ನೆ ನಾನು ನಮ್ಮ ಹಳೆಯ ಕಥೆ ಶುರುಮಾಡಿದೆ. ಮೇಸ್ತ್ರಿಯ ಮಗಳ ಮದುವೆಗೆ ಮಾಡಿದ ಸೋಫಾದೊಳಗೆ ಬೆಕ್ಕಿನ ಮರಿ ಸೇರಿಸಿ ಹೊಲಿದುಬಿಟ್ಟದ್ದು. ನಾನು ಸೋಫಾದವರೆಗೆ ಬಂದಿದ್ದೆ ಅಷ್ಟೇ. ಡ್ರೈವರ್ “ಮದುಮಗ ಕೂತ ತಕ್ಷಣ ಮಿಯಾಂವ್ ಅಂತಲ್ಲಾ!” ಎಂದು ತೊಡೆ ತಟ್ಟಿಕೊಂಡು ನಕ್ಕ. ನನ್ನ ಬೆಕ್ಕು, ನನ್ನ ಸೋಫಾ, ಮುಗಿಸಿದವನು ಅವನು.

ನಿನ್ನೆ ಸೂಜಿ ಮಧ್ಯಾಹ್ನ ಮಲಗಿದ್ದಾಗ ನನ್ನ ಕೈ ಸುಮ್ಮನಿರಲಿಲ್ಲ. ಆ ಎಮ್ಮೆ ಗುಳಿಯ ಮೆತ್ತೆ ಬಿಚ್ಚಿದೆ. ಒಳಗಿನ ಉಣ್ಣೆ ಪೂರ್ತಿ ಹಿಂಜಿ, ಒಲೆಯ ಬಿಸಿಗೆ ಹಿಡಿದು, ಮತ್ತೆ ತುಂಬಿ ಬಿಗಿಯಾಗಿ ಹೊಲಿದೆ. ಗುಳಿ ಮಾಯ. ಒಂದನ್ನೇ ಮಾಡಿದರೆ ಚೆನ್ನಾಗಿರುವುದಿಲ್ಲವೆಂದು ಸೂಜಿಯದನ್ನೂ ಮಾಡಿದೆ. ಎರಡೂ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಅವಳಿಜವಳಿಯಾಗಿ ಕೂತವು. ಸಂಜೆ ನಾನೇ ಆ ಕುರ್ಚಿ ಬಿಟ್ಟುಕೊಟ್ಟೆ. ಡ್ರೈವರ್ ಕೂತು, ಅತ್ತಿತ್ತ ಹೊರಳಿ, “ಇದೇನಿದು, ನೆಂಟರ ಮನೆಗೆ ಬಂದ ಹಾಗಾಯ್ತು” ಎಂದು ನಕ್ಕ. ನನಗೆ ಬೇಕಾದದ್ದೂ ಅದೇ.

ಆದರೆ ಸೂಜಿ ನಗಲಿಲ್ಲ. ಕುರ್ಚಿಯ ಮೇಲೆ ಕೈಯಾಡಿಸಿದ, ಇನ್ನೊಂದರ ಮೇಲೂ ಆಡಿಸಿದ. “ಎರಡೂ ಬಿಚ್ಚಿದೆಯಾ?” ಎಂದ. ಹೌದೆಂದೆ. “ಚೆನ್ನಾಗಿದೆ ಕೆಲಸ” ಎಂದ, ಅಷ್ಟೇ. ಊಟ ಮುಗಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಅವನ ಗೆಳೆಯನ ಗುಳಿ ಮುಚ್ಚಿದ್ದಕ್ಕೆ ನನ್ನ ಮೇಲೆ ಸಿಟ್ಟು! ಇದಕ್ಕಿಂತ ಹೆಚ್ಚು ಏನು ನೋಡಬೇಕು ನಾನು?

ಅವನ ಆರೋಗ್ಯ ಚೆನ್ನಾಗಿಯೇ ಇದೆ. ನೋಡಿಕೊಳ್ಳಲು ಜನ ಇದ್ದಾರಲ್ಲ.

ಇತಿ
ನಿನ್ನವನು


ಜನವರಿ ೪

ಸೂಜಿ,

ಬೇಡ ಬೇಡವೆಂದುಕೊಂಡರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಬರೆದರೆ ನಿನಗೆ ಬರಬಾರದು.

ನೋಯುವ ಮಂಡಿ ಹೊತ್ತುಕೊಂಡು ಅಷ್ಟು ದೂರ ಬಂದದ್ದು ಆ ಡಬ್ಬಾ ಗಂಟಲಿನವನ ಮಾತು ಕೇಳುವುದಕ್ಕಲ್ಲ. ನಾವಿಬ್ಬರೇ ಎಂದು ಬರೆದಿದ್ದೆ. ನೀನು ಒಂದು ಸಂಜೆಯನ್ನಾದರೂ ನನಗೆಂದು ಇಟ್ಟೆಯಾ? ಅವನು ಒಳಗೆ ಬಂದರೆ ನಿನ್ನ ಮುಖ ಆ ಕಡೆ ತಿರುಗುತ್ತಿತ್ತು. ನಾನು ಎದುರಿಗೇ ಕೂತಿದ್ದರೂ ನೀನು ಎಲ್ಲೋ ನೋಡಿಕೊಂಡು ಮಾತಾಡುತ್ತಿದ್ದೆ. ನಿನಗೆಂದು ಹೆಕ್ಕಿ ತಂದ ಮಖಮಲ್ ಬಟ್ಟೆ ಕೈಯಲ್ಲಿ ಹಿಡಿದುಕೊಂಡು “ಒಳ್ಳೇ ಬಟ್ಟೆ” ಎಂದೆಯಲ್ಲ, ಅದರ ಬಣ್ಣದ ಬಗ್ಗೆ ಒಂದು ಮಾತಾದರೂ ಆಡಿದೆಯಾ? ಮೇಸ್ತ್ರಿ ಇಟ್ಟ ಹೆಸರನ್ನು ಕಂಡಕಂಡವರ ಬಾಯಿಗೆ ಹಾಕಿದ್ದೀಯ. ನಮ್ಮ ಕಥೆಗಳನ್ನೆಲ್ಲ ಅವನಿಗೆ ಬಡಿಸಿದ್ದೀಯ. ಹೊರಡುವಾಗಲೂ ಅವನ ತೋಳಿಗೆ ಜೋತುಬಿದ್ದೇ ಬಂದು ಬಸ್ ಹತ್ತಿಸಿದೆ.

ಆ ಮನುಷ್ಯನಲ್ಲಿ ಏನು ಕಂಡೆ ನೀನು? ಹಿಮ ತಳ್ಳುವ ಗಾಡಿಯ ಹಾಗೇ ಅವನೂ. ದಾರಿಯಲ್ಲಿದ್ದವರನ್ನೆಲ್ಲ ಬದಿಗೆ ತಳ್ಳುತ್ತಾನೆ.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಾನೋ, ಅವನೋ?

ಮೊಳೆ


ಜನವರಿ ೧೭

ಮೊಳೆಯಣ್ಣನವರಿಗೆ ನಮಸ್ಕಾರ.

ನಾನು ಡ್ರೈವರ್, ಡಬ್ಬಾ ಗಂಟಲಿನವನು. ಈ ಅಕ್ಷರ ನಿಮಗೆ ಪರಿಚಯವಿರಬೇಕು. ಒಂದೂವರೆ ವರ್ಷದಿಂದ ಟೈಲರಣ್ಣನ ಪತ್ರಗಳನ್ನೆಲ್ಲ ಬರೆಯುತ್ತಿರುವವನು ನಾನೇ. ನಿಮ್ಮ ಪತ್ರಗಳನ್ನು ಅವರಿಗೆ ಓದಿ ಹೇಳುವವನೂ ನಾನೇ. ಅವರಿಗೆ ಕಣ್ಣು ಕಾಣುವುದಿಲ್ಲ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕು ನೆರಳು ಗೊತ್ತಾಗುತ್ತದೆ, ಕಿಟಕಿ ಯಾವ ಕಡೆ ಎಂದು ತಿಳಿಯುವಷ್ಟು. ಡಾಕ್ಟರು ಇನ್ನು ಇಷ್ಟೇ ಎಂದಿದ್ದಾರೆ.

ನಿಮ್ಮ ನಾಲ್ಕನೇ ತಾರೀಖಿನ ಪತ್ರ ಬಂದಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ಎಂದಿನ ಹಾಗೆ ಜೋರಾಗಿ ಓದಲು ಹತ್ತಿದೆ. ಎರಡನೇ ಸಾಲಿಗೆ ಗಿರಾಕಿಗಳು ಕೋಟು ಎತ್ತಿಕೊಂಡು ಹೊರಟುಹೋದರು. ನಾನೂ ನಿಲ್ಲಿಸಿದೆ. ಟೈಲರಣ್ಣ “ಒಂದು ಅಕ್ಷರಾನೂ ಬಿಡ್ಬೇಡ, ಓದು” ಎಂದರು. ಓದಿದೆ. ಡಬ್ಬಾ ಗಂಟಲು ಬಂದಾಗ ಅವರು ನಕ್ಕರು, ನಾನೂ ನಕ್ಕೆ. ಮಖಮಲ್ಲಿನ ಬಣ್ಣ ಬಂದಾಗ ಅವರು ನಗು ನಿಲ್ಲಿಸಿದರು. ಕೊನೆಯ ಸಾಲನ್ನೂ ಓದಿ ಮುಗಿಸಿದೆ. ಆಮೇಲೆ “ಅದು ಯಾವ ಬಣ್ಣ?” ಎಂದು ಕೇಳಿದರು. ಕಡು ಹಸಿರು ಎಂದೆ. ಉತ್ತರ ಬರೆಸಲು ಕೂತು, ನಾಲ್ಕು ಸಾಲು ಹೇಳಿ, ಹರಿದುಹಾಕು ಎಂದರು. ಅದಕ್ಕೇ ಅವರಿಗೆ ತಿಳಿಯದಂತೆ ನಾನೇ ಬರೆಯುತ್ತಿದ್ದೇನೆ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತು ತಪ್ಪಿದ್ದೇನೆ.

ನೀವು ಬರುತ್ತೀರೆಂದ ಮೇಲೆ ನಾವಿಬ್ಬರೂ ಅಂಗಡಿಯಲ್ಲಿ ಅಭ್ಯಾಸ ಮಾಡಿದೆವು. ಕೆಟಲ್ ಎಲ್ಲಿ, ಬಾಗಿಲ ಚಿಲಕ ಎಲ್ಲಿ, ಯಾರ ಧ್ವನಿಯ ಕಡೆ ಹೇಗೆ ಮುಖ ತಿರುಗಿಸಬೇಕು. “ಅವನು ನನ್ನನ್ನು ನೋಡೋಕೆ ಬರ್ಲಿ, ನನ್ನ ಕಣ್ಣು ನೋಡೋಕೆ ಬೇಡ” ಎನ್ನುತ್ತಿದ್ದರು. ಬೆಳಗ್ಗೆ ಆ ಏರು ಹತ್ತುತ್ತಿದ್ದದ್ದು ಡಾಕ್ಟರ ಹತ್ತಿರ ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು. ಜಾರುವ ದಾರಿಯಲ್ಲಿ ನಿಮ್ಮ ಕೈ ಹಿಡಿದರೆ ನಿಮಗೆ ಗೊತ್ತಾಗುತ್ತದೆಂದು ಭಯ.

ಇನ್ನು ಮೆತ್ತೆ. ಕೈಯಾಡಿಸಿ ಗುಳಿ ಮುಟ್ಟಿ ತಮ್ಮ ಕುರ್ಚಿ ಯಾವುದು, ಒಲೆ ಎಷ್ಟು ದೂರ ಎಂದು ತಿಳಿಯುತ್ತಿದ್ದರು. ಎರಡೂ ಒಂದೇ ಆದಮೇಲೆ ಎರಡು ದಿನ ತಡವರಿಸಿದರು. ಈಗ ಒಂದಕ್ಕೆ ಗುಂಡಿ ಹೊಲಿದಿದ್ದೇನೆ, ಸರಿಹೋಗಿದೆ. ನಿಮಗೆ ಬೇಜಾರಾಗಲೆಂದು ಹೇಳಿದ್ದಲ್ಲ.

ಕೊನೆಗೊಂದು ಮಾತು. ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನನಗೂ ನಿಮ್ಮ ಮೇಲೆ ಇದೆ. ಅವರು ಹೇಳುವ ಯಾವ ಕಥೆಯಲ್ಲೂ ನಾನಿಲ್ಲ, ಎಲ್ಲದರಲ್ಲೂ ನೀವೇ. ‘ಪ್ರೀತಿಯ ಮೊಳೆ’ ಎಂದು ಎಷ್ಟು ಸಲ ಈ ಕೈಯಲ್ಲಿ ಬರೆದಿದ್ದೇನೋ. ನನಗೆ ಅಂಥದ್ದೊಂದು ಪತ್ರ ಇದುವರೆಗೆ ಯಾರೂ ಬರೆದಿಲ್ಲ.

ತಪ್ಪಿದ್ದರೆ ಮನ್ನಿಸಿ.
ಡ್ರೈವರ್


ಜನವರಿ ೨೯

ಡ್ರೈವರ್ ಅವರಿಗೆ,

ನಿಮ್ಮ ಪತ್ರ ಓದಿ ಎಷ್ಟೋ ದಿನ ಅಂಗಡಿಯಲ್ಲಿ ಸುತ್ತಿಗೆ ಎತ್ತಲಾಗಲಿಲ್ಲ. ನನ್ನವಳಿಗೆ ಓದಲು ಕೊಟ್ಟೆ. ಅವಳು ಓದಿ, ಮಡಿಸಿಟ್ಟು, ಒಳಗೆ ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು.

ನಿಮ್ಮ ಬಗ್ಗೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಆ ಮಾತುಗಳನ್ನು ನಿಮ್ಮ ಬಾಯಿಂದಲೇ ಓದಿಸಿದೆನಲ್ಲ. ಆದರೆ ಸುಳ್ಳು ಹೇಳುವುದಿಲ್ಲ, ಸಂಕಟ ಪೂರ್ತಿ ಹೋಗಿಲ್ಲ. ಮೊದಲು ನೀವು ಅವನ ಜೊತೆ ನಗುತ್ತೀರೆಂದು ಉರಿಯುತ್ತಿತ್ತು. ಈಗ ಅವನ ಕಷ್ಟವೂ ನಿಮ್ಮ ಪಾಲಿಗೇ ಹೋಯಿತಲ್ಲ ಎಂದು ಉರಿಯುತ್ತದೆ. ಒಂದೂವರೆ ವರ್ಷ! ನನಗೆ ಒಂದು ಸಾಲು ಹೇಳಬಾರದಿತ್ತೇ? ಟಾಕೀಸಿನ ಸೀಟು ಹಾಳಾಗಿ ಹೋಗಲಿ ಎಂದು ಓಡಿಬರುತ್ತಿದ್ದೆ.

ನನಗೆ ತಿಳಿದಿದೆ ಎಂದು ಅವನಿಗೆ ಹೇಳಬೇಡಿ. ಅವನಾಗಿ ಹೇಳುತ್ತಾನೋ ನೋಡೋಣ. ಇಲ್ಲಿ ದೊಡ್ಡ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಉಪಯೋಗವಿದೆಯೇ, ನಿಮ್ಮ ಡಾಕ್ಟರನ್ನು ಕೇಳಿ ತಿಳಿಸಿ.

ಇತಿ
ಮೊಳೆ


ಫೆಬ್ರವರಿ ೬

ಪ್ರೀತಿಯ ಮೊಳೆ,

ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಹಿಮ ಜಾಸ್ತಿಯಾಗಿ ಅಂಚೆ ನಿಂತಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಾನೋ ಅವನೋ ಎಂದು ಕೇಳಿದ್ದೀಯ. ನಿನ್ನ ಹೆಂಡತಿ ಯಾವತ್ತಾದರೂ ಹಾಗೆ ಕೇಳಿದಳಾ? ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ?

ನೀನು ತಂದ ಹಸಿರು ಮಖಮಲ್ ಬಹಳ ಚೆನ್ನಾಗಿದೆ. ಕಡು ಹಸಿರು ನನಗೆ ಮೊದಲಿಂದಲೂ ಇಷ್ಟ. ಅವತ್ತು ಹೇಳಬೇಕಿತ್ತು. ಇವತ್ತು ಬಿಸಿಲು ಬಂದಿದೆ, ಕಿಟಕಿಯಾಚೆ ಹಿಮ ನೀಲಿಯಾಗಿ ಕಾಣುತ್ತಿದೆ. ನೀನಿದ್ದಾಗ ಹೀಗಿರಲಿಲ್ಲ. ಮಂಡಿ ಹೇಗಿದೆ?

ನಿನ್ನ
ಸೂಜಿ


ಫೆಬ್ರವರಿ ೭

ಮೊಳೆಯಣ್ಣ,

ಇದು ಬರುವ ಹೊತ್ತಿಗೆ ನಿನ್ನೆಯ ಪತ್ರ ನಿಮಗೆ ತಲುಪಿರಬಹುದು. ಹಿಮ ನೀಲಿ ಎಂದು ಅವರು ಹೇಳಿದಾಗ ಹೊರಗೆ ಬಿಸಿಲೇ ಇರಲಿಲ್ಲ, ಬರೀ ಬೂದು ಮೋಡ. ನಾನು ನೀಲಿ ಎಂದೇ ಬರೆದೆ.

ಇಲ್ಲಿಯ ಡಾಕ್ಟರು, ಎಲ್ಲಿ ತೋರಿಸಿದರೂ ಹೋದ ದೃಷ್ಟಿ ಬರುವುದಿಲ್ಲ, ಉಳಿದ ಬೆಳಕನ್ನು ಕಣ್ಣಿಗೆ ಔಷಧಿ ಹಾಕಿಕೊಂಡು ಕಾಪಾಡಿಕೊಳ್ಳಬೇಕು ಅಷ್ಟೇ ಎಂದರು.

ಇನ್ನೊಂದು ವಿಷಯ. ಮೇಲಿನ ಘಾಟಿಯಲ್ಲಿ ಹಿಮ ಕುಸಿದಿದೆ. ಈ ತಿಂಗಳ ಕೊನೆಗೆ ನನ್ನನ್ನೂ ಗಾಡಿಯನ್ನೂ ಅಲ್ಲಿಗೆ ಕಳಿಸುತ್ತಿದ್ದಾರೆ. ಏಪ್ರಿಲ್‌ವರೆಗೆ ಅಲ್ಲೇ ಕ್ಯಾಂಪು. ಟೈಲರಣ್ಣ “ಹೋಗ್ಬಾ, ನಾನೇನು ಚಿಕ್ಕ ಮಗುವಾ” ಎಂದರು. ಅವತ್ತೇ ಒಲೆಯ ಮೇಲೆ ಕೈ ಇಟ್ಟುಕೊಂಡರು. ದೊಡ್ಡ ಗಾಯವಲ್ಲ.

ನಾನು ಏನನ್ನೂ ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದ್ದೇನೆ.

ಡ್ರೈವರ್


ಫೆಬ್ರವರಿ ೨೫

ನಿನಗೆ,

ತಲುಪಿದೆ. ನೀನು ಬಸ್ಸಿನ ಕಿಟಕಿಯಲ್ಲಿ “ಈ ಸಲ ಯಾರ ಮೆತ್ತೆಯನ್ನೂ ಬಿಚ್ಚಬೇಡಿ” ಎಂದದ್ದು ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಬರುತ್ತೇನೆಂದು ಸೂಜಿಗೆ ತಿಳಿಸಿರಲಿಲ್ಲ. ಡ್ರೈವರ್ ಹಿಂದಿನ ದಿನವೇ ಘಾಟಿಗೆ ಹೋಗಿಯಾಗಿತ್ತು. ಬಸ್ ನಿಲ್ದಾಣದಲ್ಲಿ ಈ ಸಲ ನನ್ನ ಹೆಸರು ಹಿಡಿದು ಯಾರೂ ಅರಚಲಿಲ್ಲ. ಬೀದಿ ಮೌನವಾಗಿತ್ತು. ನಾನೇ ಚೀಲ ಹೊತ್ತು, ಜಾರುತ್ತ ಜಾರುತ್ತ ಅಂಗಡಿ ತಲುಪಿ ಬಾಗಿಲು ತಳ್ಳಿದೆ. ಸೂಜಿ ಒಲೆಯ ಮುಂದೆ ಕೂತು ಬೆರಳಿನಿಂದ ಕೋಟಿನ ಅಂಚು ತಡವುತ್ತಿದ್ದ. ಕೈಗೆ ಪಟ್ಟಿ.

“ಬಂದ್ಯಾ? ಬಾಗಿಲು ಹಾಕೋ ಡ್ರೈವರ್, ಚಳಿ. ಹೋಗ್ಲಿಲ್ವಾ ನೀನು?” ಎಂದ. ಅವನ ಮುಖ ಅರಳಿತ್ತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನ್ನ ಎದೆ ಚುರ್ ಎಂದಿತು. ಬಾಗಿಲು ಹಾಕಿ ಕೆಮ್ಮಿದೆ.

ಅವನು ಕೋಟು ಕೆಳಗಿಟ್ಟ. “ಮೊಳೆ?”

“ಹ್ಞೂಂ.”

“ಯಾರು ಹೇಳಿದ್ರು ನಿಂಗೆ?”

“ಯಾರೂ ಇಲ್ಲ.”

“ನಿನ್ನ ಸುಳ್ಳು ಹಿಡಿಯೋಕೆ ಕಣ್ಣೇನೂ ಬೇಕಾಗಿಲ್ಲ ಕಣೋ. ಆ ಡಬ್ಬಾ ಗಂಟಲು ಬರೆದಿರ್ಬೇಕು.” ಹಾಗೆಂದು ನಕ್ಕ. ನಾನು ನಗಲಿಲ್ಲ. ಚೀಲ ಇಳಿಸದೆ ಅಲ್ಲೇ ನಿಂತು, ಇಷ್ಟು ದಿನ ಎದೆಯಲ್ಲಿ ಕಲ್ಲಾಗಿದ್ದದ್ದನ್ನು ಕೇಳಿಬಿಟ್ಟೆ. “ಅವನಿಗೆ ಹೇಳಿದೆ. ನನಗೆ ಯಾಕೆ ಹೇಳ್ಲಿಲ್ಲ?”

“ಅವನಿಗೂ ನಾನು ಹೇಳ್ಲಿಲ್ಲ” ಎಂದ. “ಒಂದಿನ ಅವನ ಕೋಟಿಗೆ ಗುಂಡಿ ಹೊಲಿದು ಕೊಟ್ಟೆ. ತಲೆಕೆಳಗಾಗಿ ಹೊಲಿದಿದ್ದೆ ಅನ್ಸುತ್ತೆ. ಅವನು ಹಾಕ್ಕೊಂಡ, ಏನೂ ಅನ್ಲಿಲ್ಲ. ಮಾರನೇ ದಿನ ಬಂದು ನನ್ನ ಸೂಜಿಗೆಲ್ಲ ದಾರ ಪೋಣಿಸಿಟ್ಟು ಹೋದ. ನೋಡಿದೋರಿಗೆ ಹೇಳೋದೇನಿರುತ್ತೆ ಮೊಳೆ? ನೀನು ಬಂದೆ. ಅಷ್ಟು ದಿನ ಇದ್ದೆ. ಹೇಳ್ಬಾರ್ದು ಅಂತ ನಾನೂ ಆಟ ಆಡಿದೆ, ಒಪ್ಪಿದೆ. ಆದ್ರೂ ದಿನಾ ಬೆಳಗ್ಗೆ ಎದ್ದು, ಇವತ್ತು ನೋಡ್ತಾನೆ, ಇವತ್ತು ಹಿಡೀತಾನೆ ಅಂತ ಕಾಯ್ತಿದ್ದೆ. ನೀನು ಅಷ್ಟೂ ದಿನ ನೋಡಿದ್ದು ಡ್ರೈವರನ್ನೇ.”

ಚೀಲ ಕೆಳಗಿಟ್ಟೆ. ಮಖಮಲ್ ಹಿಡಿದ ಕೈ ಹೇಗೆ ತಡವರಿಸಿತು, ಬೆಣ್ಣೆ ಯಾಕೆ ಬೇರೆಯವರು ಹಚ್ಚಬೇಕಿತ್ತು, ಎಲ್ಲ ನನ್ನ ಎದುರಿಗೇ ನಡೆದಿತ್ತು. ನೀನು ಅಷ್ಟು ದೂರದಿಂದ ಕೇಳಿದ್ದೆಯಲ್ಲ, ಅವರು ಹೇಗಿದ್ದಾರೆ ಎಂದು. ಎದುರಿಗಿದ್ದ ನನಗೆ ಹೊಳೆಯಲಿಲ್ಲ.

ಕಡೆಗೆ ಅವನೇ, “ನಿಂತೇ ಇರ್ತೀಯಾ? ಚಹಾ ಮಾಡು. ಸಕ್ಕರೆ ಎಲ್ಲಿದೆ ಅಂತ ನಾನು ಹೇಳ್ತೀನಿ” ಎಂದ.

ಮನೆ ನೋಡಿಕೊಂಡದ್ದು ಸಾಕು ಎನಿಸಿದರೆ ನೀನೂ ಬಾ. ಇಲ್ಲಿ ಚಹಾ ಹಿಡಿದು ನಡುವೆ ಕೂರುವವರು ಬೇಕು.

ಇತಿ
ನಿನ್ನವನು


ಮಾರ್ಚ್ ೧೯

ಡ್ರೈವರ್‌ಗೆ ಟೈಲರಣ್ಣ ಮೊಳೆಯ ಕೈಲಿ ಹೇಳಿ ಬರೆಸುವುದು:

ನಿನ್ನ ಕ್ಯಾಂಪಿನಲ್ಲಿ ಒಲೆ ಇದೆಯಾ, ಬಿಸಿನೀರು ಸಿಗುತ್ತದಾ, ತಿಳಿಸು. ನಿನ್ನ ಬದಲಿಗೆ ಬಂದ ಹೊಸಬ ನಮ್ಮ ಅಂಗಡಿಯ ಬಾಗಿಲಿಗೇ ಹಿಮ ತಂದು ಗುಡ್ಡೆ ಹಾಕುತ್ತಾನೆ. ಮೊಳೆ ದಿನಾ ಬೆಳಗ್ಗೆ ಸಲಿಕೆ ಹಿಡಿದುಕೊಂಡು ಅವನ ವಂಶವನ್ನೆಲ್ಲ ಬೈಯುತ್ತ ದಾರಿ ಬಿಡಿಸುತ್ತಾನೆ. (ಬೈಯುವುದು ನಿಜ. ವಂಶದವರೆಗೆ ಹೋಗಿಲ್ಲ.)

ಅಂಗಡಿ ಮತ್ತೆ ದಿನವಿಡೀ ತೆಗೆದಿಡುತ್ತಿದ್ದೇವೆ. ಮೊಳೆ ಕತ್ತರಿಸುತ್ತಾನೆ, ಪೋಣಿಸುತ್ತಾನೆ. ರಜಾಯಿ ಹೊಲಿಯಲು ನನಗೆ ಬೆರಳೇ ಸಾಕು. ಅವನ ಹೆಂಡತಿಯೂ ಬಂದಿದ್ದಾಳೆ. ಬಂದವಳೇ ನನ್ನ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿದಳು, ಅವನು ಅವಳ ಮೇಲೆ ಹಾರಾಡಿ ಮತ್ತೆ ಮೊದಲಿನ ಹಾಗೇ ಇಡಿಸಿದ. ಔಷಧಿ ತಪ್ಪಿಸಿಲ್ಲ. ಡಾಕ್ಟರ ಹತ್ತಿರ ಏರು ಹತ್ತುವಾಗ ಅವನ ಮಂಡಿ ಕೈಕೊಡುತ್ತದೆ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಊರವರಿಗೆ ಅನುಮಾನ. (ಈ ಮಾತು ಹೇಳಿ ತಾನೇ ನಕ್ಕ. ನಗು ಮುಗಿಯುವವರೆಗೂ ಕಾದು ಬರೆದೆ.)

ಸಂಜೆ ಮಾತ್ರ ಸಾಗುವುದಿಲ್ಲ. ಮೊಳೆ ಪೇಪರು ಓದಿದರೆ ಗೋಡೆಯಾಚೆ ಯಾರೋ ಗೊಣಗಿದ ಹಾಗೆ, ಅರ್ಧ ಸುದ್ದಿ ನಾನೇ ಊಹಿಸಿಕೊಳ್ಳಬೇಕು. ನಿನ್ನ ಗಂಟಲು ಕೇಳದೆ ಈ ಬೀದಿಗೇ ಕಿವುಡು ಬಂದ ಹಾಗಿದೆ. ನೀನು ಇಲ್ಲದಿರುವುದು ನನಗೆ ಕಣ್ಣಿಲ್ಲದಿರುವುದಕ್ಕಿಂತ ಹೆಚ್ಚು ತೊಡಕಾಗಿದೆ. ಬೇಗ ಬಾ. ಬೇಗ ಬಾ.

ಟೈಲರ್

(ಇಲ್ಲಿಯವರೆಗೆ ಅವನದು. ಇನ್ನು ನನ್ನದು. ಅವನು ಬೂಟು ಬಿಚ್ಚುತ್ತಿದ್ದಾನೆ, ಅದಕ್ಕೆ ಹೊತ್ತು ಹಿಡಿಯುತ್ತದೆ.

ನೀವು ನನ್ನ ಪತ್ರವನ್ನು ಒಂದಕ್ಷರ ಬಿಡದೆ ಓದಿದಿರಿ. ನಾನೂ ಬಿಟ್ಟಿಲ್ಲ. ಕೊನೆಯ ನಾಲ್ಕು ಸಾಲು ಬಂದಾಗ ಪೆನ್ನು ಎತ್ತಿಕೊಂಡು ಕೂತುಬಿಟ್ಟೆ. ಬಿಟ್ಟುಬಿಡಬಹುದಿತ್ತು, ಅವನಿಗೆ ಹೇಗೆ ಗೊತ್ತಾಗಬೇಕು? “ಯಾಕೋ, ಇಂಕು ಮುಗೀತಾ?” ಎಂದ. ಇಲ್ಲ ಎಂದೆ. “ಬರೆದೆಯಾ?” ಎಂದ. “ಬರೀತಿದೀನಿ ಇರು” ಎಂದೆ. ಬರೆದೆ. ಬೇಗ ಬಾ ಎಂದು ಎರಡು ಸಲ ಹೇಳಿದ, ಎರಡು ಸಲವೂ ಬರೆದಿದ್ದೇನೆ.

ರಸ್ತೆ ತೆರೆದ ಕೂಡಲೇ ಬನ್ನಿ. ಅವನು ನಿಮ್ಮ ದಾರಿ ಕಾಯುತ್ತಿದ್ದಾನೆ. ಬೇಗ ಬನ್ನಿ. ತೀರಾ ಬೇಗ ಬೇಡ.

ಮೊಳೆ)